ಸುಸ್ತಿಗೆ ಮಾತ್ರೆ, ತೂಕಕ್ಕೆ ಶೇಕ್: ಇವುಗಳಿಂದ ನಿಜವಾಗಿಯೂ ಏನಾದರೂ ಆಗುತ್ತದಾ?

ದಾವಣಗೆರೆ_ಟೀಚರ್

ಎಲ್ಲರಿಗೂ ನಮಸ್ಕಾರ. ನನಗೆ 39, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಸುಮಾರು ಒಂದು ವರ್ಷದಿಂದ ಮಧ್ಯಾಹ್ನ ಮೂರು ಗಂಟೆ ಆಯಿತೆಂದರೆ ಕೈಕಾಲಲ್ಲಿ ಶಕ್ತಿಯೇ ಇರುವುದಿಲ್ಲ. ಕೊನೇ ಪೀರಿಯಡ್ಡಿನಲ್ಲಿ ಕುರ್ಚಿ ಬಿಟ್ಟು ಏಳುವುದೇ ಕಷ್ಟ. ತೂಕವೂ ಏರಿ 72ಕ್ಕೆ ಬಂದು ನಿಂತಿದೆ.

ನಮ್ಮ ಬೀದಿಯಲ್ಲೇ ಒಬ್ಬರು ವೆಲ್‌ನೆಸ್ ಸೆಂಟರ್ ಇಟ್ಟಿದ್ದಾರೆ. ಬೆಳಿಗ್ಗೆ ತಿಂಡಿ ಬದಲು ಒಂದು ಶೇಕ್, ಜೊತೆಗೆ ಗಿಡಮೂಲಿಕೆ ಟೀ, ರಾತ್ರಿ ಊಟದ ಬದಲು ಇನ್ನೊಂದು ಶೇಕ್. ತಿಂಗಳಿಗೆ ಆರೇಳು ಸಾವಿರ ಬೀಳುತ್ತದೆ. ನಮ್ಮ ಯಜಮಾನರು ಆನ್‌ಲೈನಿನಲ್ಲಿ ಗಾರ್ಸಿನಿಯಾ ಅಂತ ಒಂದು ಡಬ್ಬಿ ತರಿಸಿಟ್ಟಿದ್ದಾರೆ, ಕೊಬ್ಬು ಕರಗುತ್ತದಂತೆ. ಮೈದುನ "ಅದೆಲ್ಲ ಬಿಡಿ ಅತ್ತಿಗೆ, ಮಲ್ಟಿವಿಟಮಿನ್ ತಗೊಳ್ಳಿ ಸಾಕು" ಅನ್ನುತ್ತಾನೆ. ಮೂವರದೂ ಮೂರು ದಾರಿ.

ತಗೊಂಡು ನೋಡಿದವರು ಹೇಳಿ. "ಬೆಳಿಗ್ಗೆ ಐದಕ್ಕೆ ಎದ್ದು ವಾಕಿಂಗ್ ಹೋಗಿ ಮೇಡಂ" ಅನ್ನುವವರು ದಯವಿಟ್ಟು ಬೇಡ. ಐದಕ್ಕೆ ಎದ್ದೇ ಮನೆಯವರೆಲ್ಲರ ಡಬ್ಬಿ ಕಟ್ಟುತ್ತಿದ್ದೇನೆ.

ಉಪ್ಪಿನಂಗಡಿ_ಮಾಣಿ

ದಾವಣಗೆರೆಯಲ್ಲಿ ಇದ್ದುಕೊಂಡು ತೂಕ ಇಳಿಸುವುದಾ? ಮೊದಲು ಬೆಣ್ಣೆ ದೋಸೆ ಅಂಗಡಿ ಇಲ್ಲದ ಊರಿಗೆ ಟ್ರಾನ್ಸ್‌ಫರ್ ತಗೊಳ್ಳಿ ಮಾರಾಯ್ರೇ.

ಜಿಮ್_ಗಿರಿ

ಗಾರ್ಸಿನಿಯಾ ಕಸಕ್ಕೆ ಹಾಕಿ ಅಕ್ಕ. ವೇ ಪ್ರೋಟೀನ್ ತಗೊಳ್ಳಿ, ದಿನಕ್ಕೆ ಒಂದು ಸ್ಕೂಪ್. ನಾನು ತಗೊಳ್ಳಲು ಶುರು ಮಾಡಿದ ಮೇಲೆ ಸಂಜೆ ಹಸಿವು ಕಡಿಮೆ ಆಗಿ ಬಜ್ಜಿ ಬೋಂಡಾ ಬಿಟ್ಟೇ ಹೋಯಿತು. ಹೊಟ್ಟೆ ಕರಗಿತು, ಎನರ್ಜಿಯೂ ಬಂತು.

ಲ್ಯಾಬ್_ರಾಜು

ಟೀಚರ್, ಏನಾದರೂ ಕೊಳ್ಳುವ ಮೊದಲು ಒಂದು ರಕ್ತ ಪರೀಕ್ಷೆ ಮಾಡಿಸಿ. ನಾನು ಲ್ಯಾಬಿನಲ್ಲಿ ಕೆಲಸ ಮಾಡುವವನು, ವ್ಯಾಪಾರಕ್ಕೆ ಹೇಳುತ್ತಿಲ್ಲ. "ಸುಸ್ತು ಸುಸ್ತು" ಅಂತ ಬರುವ ನಿಮ್ಮ ವಯಸ್ಸಿನ ಹೆಂಗಸರಲ್ಲಿ ತುಂಬಾ ಜನಕ್ಕೆ ಹಿಮೋಗ್ಲೋಬಿನ್ ಕಡಿಮೆ, ಇಲ್ಲ ಥೈರಾಯ್ಡ್, ಇಲ್ಲ ಬಿ12. ಈ ಮೂರರಲ್ಲಿ ಒಂದಿದ್ದರೆ ಶೇಕ್ ಕುಡಿದರೂ ಅಷ್ಟೇ, ಕುಣಿದರೂ ಅಷ್ಟೇ.

ಇನ್ನೊಂದು ಮಾತು. ಕೂದಲಿಗೆ, ಉಗುರಿಗೆ ಅಂತ ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಪರೀಕ್ಷೆಗೆ ಎರಡು ಮೂರು ದಿನ ಮೊದಲೇ ನಿಲ್ಲಿಸಿ, ಲ್ಯಾಬಿನವರಿಗೂ ಹೇಳಿ. ಬಯೋಟಿನ್ ಜಾಸ್ತಿ ಇದ್ದರೆ ಥೈರಾಯ್ಡ್ ರಿಪೋರ್ಟೇ ತಪ್ಪು ಬರಬಹುದು. ಇಲ್ಲದ ಕಾಯಿಲೆ ಇದೆ ಅಂತ ಬಂದು ಜನ ಹೆದರಿದ್ದನ್ನು ನೋಡಿದ್ದೇನೆ. ಮಲ್ಟಿವಿಟಮಿನ್ ಮಾತ್ರೆಗಳಲ್ಲೂ ಬಯೋಟಿನ್ ಇರುತ್ತದೆ, ಡಬ್ಬಿಯ ಹಿಂದೆ ಓದಿ.

ಘಟ್ಟದ_ಮೇಲಿನವ

ಗಾರ್ಸಿನಿಯಾ ಅಂದ ಕೂಡಲೇ ನಾನು ಬಾಯಿ ಹಾಕಲೇಬೇಕು, ಯಾಕೆಂದರೆ ಅದು ನಮ್ಮ ಮನೆ ಹಿಂದಿನ ಮರ. ನಿಮ್ಮ ಯಜಮಾನರು ತರಿಸಿದ ಗಾರ್ಸಿನಿಯಾ ಕಾಂಬೋಜಿಯಾ ಅಂದರೆ ನಮ್ಮ ಉಪ್ಪಾಗೆ. ಶಿರಸಿ, ಸಿದ್ದಾಪುರ, ಹೊನ್ನಾವರ ಕಡೆ ಕಾಡಿನ ತುಂಬಾ ಇದೆ. ಮಳೆಗಾಲದಲ್ಲಿ ಹಣ್ಣು ಬೀಳುತ್ತದೆ, ಸಿಪ್ಪೆ ಬಿಡಿಸಿ ಒಲೆ ಮೇಲೆ ಹೊಗೆ ಹಾಕಿ ಒಣಗಿಸಬೇಕು, ಬಿಸಿಲೇ ಇರುವುದಿಲ್ಲವಲ್ಲ. ಮೊದಲೆಲ್ಲ ಒಣಸಿಪ್ಪೆ ಕೇರಳಕ್ಕೆ ಮೀನು ಸಾರಿಗೆ ಹುಳಿಯಾಗಿ ಹೋಗುತ್ತಿತ್ತು, ಅಲ್ಲಿ ಕೊಡಂಪುಳಿ ಅನ್ನುತ್ತಾರೆ. ತೊಂಬತ್ತರ ದಶಕದಲ್ಲಿ ಅಮೆರಿಕದವರಿಗೆ ಇದರಿಂದ ತೂಕ ಇಳಿಯುತ್ತದೆ ಅಂತ ಯಾರೋ ಹೇಳಿದರು ನೋಡಿ, ರೇಟು ಮೇಲೆ ಹೋಯಿತು. ಹಣ್ಣು ಬಲಿಯುವ ಮೊದಲೇ ಕೊಯ್ಯುವುದು, ಕೈಗೆ ಸಿಗದಿದ್ದರೆ ಕೊಂಬೆಯನ್ನೇ ಕಡಿಯುವುದು, ಒಣಗಿಸಲು ಕಾಡಿನ ಕಟ್ಟಿಗೆ, ಎಲ್ಲಾ ಶುರುವಾಯಿತು.

ಅದರ ಹುಳಿಯಲ್ಲಿರುವ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಅಂತ 1965ರಲ್ಲಿ ಗುರುತಿಸಿದವರೂ ನಮ್ಮವರೇ, ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳು. ಮಾತ್ರೆ ಡಬ್ಬಿ ಮೇಲೆ ಎಚ್‌ಸಿಎ ಅಂತ ಬರೆದಿರುತ್ತದಲ್ಲ, ಅದೇ ಇದು.

ನಮ್ಮಜ್ಜಿ ಜೀವಮಾನವೆಲ್ಲಾ ಉಪ್ಪಾಗೆ ಹುಳಿ ಹಾಕಿದ ಸಾರು ಉಂಡರು. ತೆಳ್ಳಗೆ ಇರಲಿಲ್ಲ.

ಉಪ್ಪಿನಂಗಡಿ_ಮಾಣಿ

ಅಜ್ಜಿ ಉದಾಹರಣೆಗೆ ನೂರಕ್ಕೆ ನೂರು.

ಡಾಕ್ಟರಮ್ಮ_ಮೈಸೂರು

ಘಟ್ಟದ ಮೇಲಿನವರ ಅಜ್ಜಿಯ ಜೊತೆಗೆ ಒಂದು ದೊಡ್ಡ ಪ್ರಯೋಗವನ್ನೂ ಸೇರಿಸುತ್ತೇನೆ. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದದ್ದು. ತೂಕ ಜಾಸ್ತಿ ಇರುವ 135 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಎಚ್‌ಸಿಎ, ಇನ್ನೊಂದಕ್ಕೆ ನೋಡಲು ಹಾಗೇ ಇರುವ ಸಪ್ಪೆ ಮಾತ್ರೆ. ಯಾರಿಗೆ ಯಾವುದು ಅಂತ ಯಾರಿಗೂ ಗೊತ್ತಿಲ್ಲ. ಎರಡು ಗುಂಪಿಗೂ ಒಂದೇ ಪಥ್ಯ. 12 ವಾರ ಆದ ಮೇಲೆ ಉಪ್ಪಾಗೆ ಗುಂಪು ಸರಾಸರಿ 3.2 ಕೆಜಿ ಇಳಿದಿತ್ತು, ಸಪ್ಪೆ ಮಾತ್ರೆಯವರು 4.1 ಕೆಜಿ. ಈ ವ್ಯತ್ಯಾಸ ಲೆಕ್ಕಕ್ಕೆ ಬರುವಷ್ಟು ದೊಡ್ಡದಲ್ಲ. ಅಂದರೆ ಇಳಿಸಿದ್ದು ಪಥ್ಯ, ಮಾತ್ರೆ ಅಲ್ಲ.

ಸುಮ್ನೆ ದುಡ್ಡು ಹೋಗುವುದಷ್ಟೇ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. ಗಾರ್ಸಿನಿಯಾ ಮಾತ್ರೆ ತಗೊಂಡವರಲ್ಲಿ ಲಿವರ್ ಕೆಟ್ಟ ಪ್ರಕರಣಗಳು ವರದಿಯಾಗಿವೆ. ಗ್ರೀನ್ ಟೀ ಸಾರದ ಮಾತ್ರೆಗಳದ್ದೂ ಅದೇ ಕಥೆ. ಲೋಟದಲ್ಲಿ ಕುಡಿಯುವ ಗ್ರೀನ್ ಟೀ ಬೇರೆ, ಅದರ ಸಾರ ಹಿಂಡಿ ತುಂಬಿದ ಕ್ಯಾಪ್ಸೂಲ್ ಬೇರೆ. ಆ ಸಾರದ ಮುಖ್ಯ ಅಂಶವಾದ ಇಜಿಸಿಜಿ ದಿನಕ್ಕೆ 800 ಮಿಲಿಗ್ರಾಂ ದಾಟಿದರೆ ಲಿವರ್ ಪರೀಕ್ಷೆಯ ಅಂಕಿಗಳು ಏರಬಹುದು ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲೇ ಹೇಳಿದೆ.

ರಾಜು ಅವರು ಹೇಳಿದ ಹಾಗೆ ಮೊದಲು ರಕ್ತ ಪರೀಕ್ಷೆ. ರಕ್ತಕಣಗಳ ಲೆಕ್ಕಕ್ಕೆ ಸಿಬಿಸಿ, ಕಬ್ಬಿಣದ ದಾಸ್ತಾನಿಗೆ ಫೆರಿಟಿನ್, ಥೈರಾಯ್ಡಿಗೆ ಟಿಎಸ್‌ಎಚ್, ಬಿ12, ಸಕ್ಕರೆಗೆ ಎಚ್‌ಬಿಎ1ಸಿ. ಇಷ್ಟು ಸಾಕು ಶುರುವಿಗೆ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದಾ, ರಾತ್ರಿ ಗೊರಕೆ ಇದೆಯಾ, ನಿದ್ದೆ ಎಷ್ಟು ಗಂಟೆ? ಇದನ್ನೂ ನಿಮ್ಮ ಡಾಕ್ಟರಿಗೆ ಹೇಳಿ.

ಆರೋಗ್ಯಸಖಿ_ಕೋಚ್

ಇಲ್ಲಿ ಎಲ್ಲರೂ ಶೇಕ್ ಬಗ್ಗೆ ಕೇವಲವಾಗಿ ಮಾತಾಡುವುದು ನೋಡಿ ಬೇಜಾರಾಯಿತು. ನಾನು ವೆಲ್‌ನೆಸ್ ಕೋಚ್. ನಾನೇ 14 ಕೆಜಿ ಇಳಿಸಿದ್ದೇನೆ, ಮೊದಲಿನ ಫೋಟೋ ಈಗಿನ ಫೋಟೋ ಎರಡೂ ಇವೆ. ನಮ್ಮ ಕ್ಲಬ್ಬಿಗೆ ಬರುವವರಲ್ಲಿ ಶುಗರ್ ಇದ್ದವರಿಗೆ ಶುಗರ್ ಹೋಗಿದೆ. ಡಾಕ್ಟರ್ ಮಾತ್ರೆಗೆ ಸಾವಿರಗಟ್ಟಲೆ ಕೊಡುವವರು ಆರೋಗ್ಯದ ಆಹಾರಕ್ಕೆ ಕೊಡಲು ಯೋಚನೆ ಮಾಡುತ್ತಾರೆ. ಟೀಚರ್, ನೀವು ಒಂದು ತಿಂಗಳು ಟ್ರೈ ಮಾಡಿ ನೋಡಿ, ಆಮೇಲೆ ಮಾತಾಡೋಣ.

ಹುಬ್ಬಳ್ಳಿ_ಮಂದಿ

ಅಕ್ಕಾರ, ಒಂದು ಪ್ರಶ್ನೆ. ನಿಮ್ಮ ಕೆಳಗೆ ಎಷ್ಟು ಮಂದಿ ಸೇರಿದರೆ ನಿಮಗೆ ಎಷ್ಟು ಕಮಿಷನ್ ಬರುತ್ತದೆ? ಅದನ್ನೂ ಹೇಳಿಬಿಡ್ರಿ, ಫೋಟೋ ಜೊತೆಗೆ.

ಆರೋಗ್ಯಸಖಿ_ಕೋಚ್

ಎಲ್ಲಾ ವ್ಯಾಪಾರದಲ್ಲೂ ಲಾಭ ಇರುತ್ತದೆ. ಮೆಡಿಕಲ್ ಶಾಪಿನವರು ಪುಕ್ಕಟೆ ಕೊಡುತ್ತಾರಾ?

ಮೆಡಿಕಲ್‌ಶಾಪ್_ಮಹೇಶ

ಕೊಡುವುದಿಲ್ಲ ಮೇಡಂ, ಆದರೆ ನಮ್ಮಲ್ಲಿ ಔಷಧಿ ತಗೊಂಡವರಿಗೆ "ಇನ್ನು ಹತ್ತು ಜನರನ್ನು ಕರಕೊಂಡು ಬಂದರೆ ನೀವೂ ಡೈಮಂಡ್ ಆಗುತ್ತೀರಿ" ಅಂತ ಹೇಳುವುದಿಲ್ಲ.

ಡಾಕ್ಟರಮ್ಮ_ಮೈಸೂರು

ಕೋಚ್ ಅವರಿಗೆ ಒಂದು ವಿಷಯದಲ್ಲಿ ನ್ಯಾಯ ಸಲ್ಲಬೇಕು. ಊಟದ ಬದಲು ಕುಡಿಯುವ ಶೇಕಿನಿಂದ ತೂಕ ಇಳಿಯುತ್ತದೆ, ಸುಳ್ಳಲ್ಲ. ಬ್ರಿಟನ್ನಿನಲ್ಲಿ ಡೈರೆಕ್ಟ್ ಅಂತ ಒಂದು ಪ್ರಯೋಗ ನಡೆಯಿತು. ಸಕ್ಕರೆ ಕಾಯಿಲೆ ಬಂದು ಆರು ವರ್ಷದೊಳಗಿನವರಿಗೆ ಮೂರರಿಂದ ಐದು ತಿಂಗಳು ದಿನಕ್ಕೆ 850 ಕ್ಯಾಲೊರಿಯ ಒಳಗೆ ಬರೀ ಶೇಕ್ ಮತ್ತು ಸೂಪ್ ಕೊಟ್ಟರು. ವರ್ಷದ ಕೊನೆಗೆ ಹೆಚ್ಚು ಕಡಿಮೆ ಅರ್ಧ ಜನಕ್ಕೆ, ಅಂದರೆ ಶೇ. 46ರಷ್ಟು ಮಂದಿಗೆ, ಮಾತ್ರೆ ಇಲ್ಲದೆಯೇ ಸಕ್ಕರೆ ಹತೋಟಿಗೆ ಬಂದಿತ್ತು.

ಆದರೆ ಅಲ್ಲಿ ಸಕ್ಕರೆ, ಬಿಪಿ ಮಾತ್ರೆಗಳನ್ನು ಮೊದಲ ದಿನವೇ ನಿಲ್ಲಿಸಿ ಆರೋಗ್ಯ ಕೇಂದ್ರದ ನರ್ಸು, ಡಯಟಿಷಿಯನ್ನು ನೋಡಿಕೊಳ್ಳುತ್ತಿದ್ದರು. ಇಲ್ಲಿ ಬೀದಿ ಕೊನೆಯ ಕ್ಲಬ್ಬಿನಲ್ಲಿ ಇನ್ಸುಲಿನ್ ತಗೊಳ್ಳುವವರು ರಾತ್ರಿ ಊಟ ಬಿಟ್ಟು ಶೇಕ್ ಕುಡಿದು ಮಲಗಿದರೆ ಸಕ್ಕರೆ ಇಳಿದು ಎಚ್ಚರ ತಪ್ಪಬಹುದು. ಇಳಿಸುವುದು ಪುಡಿಯ ಮಹಿಮೆ ಅಲ್ಲ, ಕ್ಯಾಲೊರಿ ಕಡಿತ. 200 ಕ್ಯಾಲೊರಿಯ ಶೇಕಿನ ಜಾಗದಲ್ಲಿ ಒಂದು ಬಟ್ಟಲು ಹೆಸರುಕಾಳು ಉಸಲಿ, ಒಂದು ಲೋಟ ಮಜ್ಜಿಗೆ ಇಟ್ಟರೂ ಲೆಕ್ಕ ಹೆಚ್ಚು ಕಡಿಮೆ ಅಷ್ಟೇ ಆಗುತ್ತದೆ. ಗಿಡಮೂಲಿಕೆ ಟೀ ಕುಡಿದ ಕೂಡಲೇ ಚುರುಕು ಬರುತ್ತದೆ ಅನ್ನುತ್ತಾರಲ್ಲ, ಅದರಲ್ಲಿ ಕೆಫೀನ್ ಇದೆಯಾ ಅಂತ ಲೇಬಲ್ ನೋಡಿ. ಇದ್ದರೆ ಗುಟ್ಟು ಅಲ್ಲೇ ಇದೆ.

ರಾಗಿಮುದ್ದೆ_ರಂಗ

ಇಷ್ಟೆಲ್ಲಾ ಯಾಕೆ ಸ್ವಾಮಿ? ಅಕ್ಕಿ ಬಿಡಿ, ಮುದ್ದೆ ತಿನ್ನಿ. ನಮ್ಮ ತಾತ ಮುದ್ದೆ ಸೊಪ್ಪಿನ ಸಾರು ತಿಂದು ಎಂಬತ್ತರಲ್ಲೂ ನೇಗಿಲು ಹಿಡಿಯುತ್ತಿದ್ದರು. ತೂಕ ತಾನಾಗಿ ಇಳಿಯುತ್ತದೆ.

ಜಿಮ್_ಗಿರಿ

ರಂಗಣ್ಣ, ನಿಮ್ಮ ತಾತ ಇಳಿದದ್ದು ನೇಗಿಲಿನಿಂದ. ರಾಗಿ ಹಿಟ್ಟು 100 ಗ್ರಾಂಗೆ ಸುಮಾರು 320 ಕ್ಯಾಲೊರಿ, ಅಕ್ಕಿ 350ರ ಹತ್ತಿರ. ದೊಡ್ಡ ವ್ಯತ್ಯಾಸ ಏನಿಲ್ಲ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಜಾಸ್ತಿ, ಒಪ್ಪುತ್ತೇನೆ. ಆದರೆ ಎರಡು ಮುದ್ದೆ ನುಂಗಿ ಆಫೀಸ್ ಕುರ್ಚಿಯಲ್ಲಿ ಕೂತರೆ ಹೊಟ್ಟೆ ಬರುವುದೇ.

ರಾಗಿಮುದ್ದೆ_ರಂಗ

ಮುದ್ದೆಗೆ ಅವಮಾನ ಮಾಡಬೇಡಿ. ಒಂದೇ ಮುದ್ದೆ ತಿನ್ನಿ ಅಂದೆ ನಾನು, ಎರಡು ಅಂತ ಎಲ್ಲಿ ಹೇಳಿದೆ?

ನ್ಯೂಜೆರ್ಸಿ_ಕನ್ನಡಿಗ

ಅಮೆರಿಕದ ಕಥೆ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಊರಿಗೆ ಬರುವಾಗಲೆಲ್ಲ "ಅಲ್ಲಿಂದ ವಿಟಮಿನ್ ಡಬ್ಬಿ ತಗೊಂಡು ಬಾ, ಅಲ್ಲಿಯದು ಒರಿಜಿನಲ್" ಅನ್ನುವ ನೆಂಟರು ಎಲ್ಲರ ಮನೆಯಲ್ಲೂ ಇದ್ದಾರೆ. 1994ರ ಕಾಯ್ದೆ ಪ್ರಕಾರ ಇಲ್ಲಿ ಸಪ್ಲಿಮೆಂಟ್ ಅಂಗಡಿಗೆ ಬರುವ ಮೊದಲು ಅದು ಕೆಲಸ ಮಾಡುತ್ತದೆ ಅಂತ ಇಲ್ಲಿಯ ಆಹಾರ, ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮುಂದೆ ಸಾಬೀತು ಮಾಡಬೇಕಾಗಿಲ್ಲ. ಅನಾಹುತ ಆದ ಮೇಲೆ ಎಫ್‌ಡಿಎ ಎದ್ದು ಬರುತ್ತದೆ. ಎಫಿಡ್ರಾ ಅಂತ ಒಂದು ಗಿಡಮೂಲಿಕೆ ತೂಕ ಇಳಿಸುವ ಮಾತ್ರೆಗಳಲ್ಲಿ ಬೇಕಾದಷ್ಟು ಮಾರಾಟ ಆಗುತ್ತಿತ್ತು, ಹೃದಯಾಘಾತ, ಪಾರ್ಶ್ವವಾಯು ಅಂತ ದೂರುಗಳು ಸೇರಿ ಸೇರಿ 2004ರಲ್ಲಿ ನಿಷೇಧ ಆಯಿತು. 2009ರಲ್ಲಿ ಹೈಡ್ರಾಕ್ಸಿಕಟ್ ಅನ್ನುವ ಹೆಸರಾಂತ ಡಬ್ಬಿಗಳನ್ನು ಲಿವರ್ ತೊಂದರೆಯ ವರದಿಗಳು ಬಂದ ಮೇಲೆ ವಾಪಸ್ ತರಿಸಿಕೊಂಡರು. ಅದರ ಕೆಲವು ಬಗೆಗಳಲ್ಲಿ ಘಟ್ಟದವರ ಉಪ್ಪಾಗೆಯೂ ಇತ್ತು! ಉಪ್ಪಾಗೆ ನಮ್ಮೂರಿನಿಂದ ಇಲ್ಲಿಗೆ ಬಂದು, ಡಬ್ಬಿ ಸೇರಿ, ನೆಂಟರ ಸೂಟ್‌ಕೇಸಿನಲ್ಲಿ ಮತ್ತೆ ಊರಿಗೆ.

ಮೆಡಿಕಲ್‌ಶಾಪ್_ಮಹೇಶ

ನಮ್ಮಲ್ಲೂ ಹೆಚ್ಚು ಕಡಿಮೆ ಹಾಗೇ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ದೃಷ್ಟಿಯಲ್ಲಿ ಸಪ್ಲಿಮೆಂಟ್ ಅಂದರೆ ಆಹಾರ, ಔಷಧಿ ಅಲ್ಲ. ಲೇಬಲ್ ಮೇಲೆ 14 ಅಂಕಿಯ ಲೈಸೆನ್ಸ್ ನಂಬರ್ ಇರಬೇಕು, ಔಷಧಿಯಾಗಿ ಬಳಸಲು ಅಲ್ಲ ಅಂತಲೂ ಬರೆದಿರಬೇಕು. ಆ ಸಾಲು ಎಷ್ಟು ಸಣ್ಣ ಅಕ್ಷರದಲ್ಲಿ ಇರುತ್ತದೆ ಅಂದರೆ ಕನ್ನಡಕ ಹಾಕಿಕೊಂಡರೂ ಕಾಣುವುದಿಲ್ಲ. ಲೈಸೆನ್ಸ್ ನಂಬರ್ ಇದೆ ಅಂದ ಮಾತ್ರಕ್ಕೆ ತೂಕ ಇಳಿಯುತ್ತದೆ ಅಂತ ಸರಕಾರ ಒಪ್ಪಿದೆ ಅಂತಲ್ಲ.

ನನಗೆ ಹೆಚ್ಚು ಭಯ ಇರುವುದು ಹೆಸರಿಲ್ಲದ "ನೂರಕ್ಕೆ ನೂರು ಹರ್ಬಲ್" ಕ್ಯಾಪ್ಸೂಲ್‌ಗಳ ಮೇಲೆ. ನಿಜವಾಗಿಯೂ ಹಸಿವು ಕಟ್ಟಿಬಿಟ್ಟರೆ, ಎದೆ ಡವಡವ ಅಂದರೆ, ಬಾಯಿ ಒಣಗಿದರೆ ಅನುಮಾನ ಪಡಿ. ಸಿಬುಟ್ರಮೈನ್ ಅನ್ನುವ ಔಷಧಿಯನ್ನು ಹೃದಯಕ್ಕೆ ತೊಂದರೆ ಅಂತ ಅಮೆರಿಕ, ಯುರೋಪಿನಲ್ಲಿ 2010ರಲ್ಲಿ ಹಿಂತೆಗೆದರು, ನಮ್ಮಲ್ಲಿ 2011ರಲ್ಲಿ ನಿಷೇಧ ಆಯಿತು. ಅದನ್ನೇ ಕದ್ದು ಗಿಡಮೂಲಿಕೆ ಪುಡಿಯಲ್ಲಿ ಬೆರೆಸಿದ್ದು ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಹರ್ಬಲ್ ಮಾತ್ರೆ ತಕ್ಷಣ ಕೆಲಸ ಮಾಡಿದರೆ ಖುಷಿ ಪಡುವುದಲ್ಲ, ಹೆದರಬೇಕು.

ತುಳಸಿಕಟ್ಟೆ

ನೀವೆಲ್ಲ ಅಲೋಪತಿಯವರು ಹೀಗೇ. ಅಶ್ವಗಂಧ ಸಾವಿರಾರು ವರ್ಷದಿಂದ ಇದೆ. ಸುಸ್ತಿಗೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಟೀಚರ್, ರಾತ್ರಿ ಹಾಲಿಗೆ ಅರ್ಧ ಚಮಚ ಹಾಕಿ ಕುಡಿಯಿರಿ. ಜೊತೆಗೆ ಸ್ಪಿರುಲಿನಾ ಅನ್ನುವ ಪಾಚಿಯ ಪುಡಿ ತಗೊಳ್ಳಿ, ಬಿ12 ಎಲ್ಲಾ ಅದರಲ್ಲೇ ಸಿಗುತ್ತದೆ.

ಲ್ಯಾಬ್_ರಾಜು

ಸ್ಪಿರುಲಿನಾದಲ್ಲಿ ಇರುವುದು ಬಿ12 ತರಹ ಕಾಣುವ ಇನ್ನೊಂದು ವಸ್ತು ಸರ್, ನಮ್ಮ ಮೈ ಅದನ್ನು ಉಪಯೋಗಿಸಿಕೊಳ್ಳುವುದಿಲ್ಲ. ಬಿ12 ಸಿಗುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಿಂದ. ಸಸ್ಯಾಹಾರಿಗಳು ಬರೀ ಕಾಫಿಗೆ ಹಾಕಿದ ಹಾಲನ್ನೇ ನಂಬಿಕೊಂಡರೆ ಸಾಕಾಗುವುದಿಲ್ಲ. ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳ್ಳುವವರು, ಗ್ಯಾಸಿನ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರು ಇವರಲ್ಲೂ ಬಿ12 ಇಳಿಯುತ್ತದೆ. ಪಾದ ಜುಮ್ ಅನ್ನುವುದು, ನಾಲಿಗೆ ಉರಿ, ಮರೆವು ಇದ್ದರೆ ಪರೀಕ್ಷೆ ತಪ್ಪಿಸಬೇಡಿ.

ಡಾಕ್ಟರಮ್ಮ_ಮೈಸೂರು

ಅಶ್ವಗಂಧದಿಂದ ಕೆಲವರಿಗೆ ನಿದ್ದೆ ಸುಧಾರಿಸುತ್ತದೆ, ಒತ್ತಡ ಸ್ವಲ್ಪ ಕಡಿಮೆ ಆಗುತ್ತದೆ ಅಂತ ಸಣ್ಣ ಸಣ್ಣ ಅಧ್ಯಯನಗಳಿವೆ. ಇಲ್ಲ ಅನ್ನುವುದಿಲ್ಲ. ಆದರೆ ಕಾಮಾಲೆಯಾಗಿ ಬಂದವರ ಪ್ರಕರಣಗಳೂ ಇವೆ, ನಮ್ಮ ದೇಶದ್ದೇ ಪ್ರಕಟ ಆಗಿವೆ. ಡೆನ್ಮಾರ್ಕ್ 2023ರಲ್ಲಿ ನಿಷೇಧವನ್ನೇ ಮಾಡಿತು. ಥೈರಾಯ್ಡ್ ಹಾರ್ಮೋನನ್ನೂ ಏರಿಸಬಹುದು, ಆದ್ದರಿಂದ ಥೈರಾಯ್ಡ್ ಮಾತ್ರೆ ತಗೊಳ್ಳುವವರು, ಬಸುರಿಯರು, ಲಿವರ್ ತೊಂದರೆ ಇರುವವರು ತಾವಾಗಿಯೇ ಶುರು ಮಾಡಬಾರದು. ಸಾವಿರ ವರ್ಷದಿಂದ ಇದ್ದದ್ದು ವೈದ್ಯರು ಅಳೆದು ಕೊಡುತ್ತಿದ್ದ ಚೂರ್ಣ. ಈಗ ಸಿಗುವುದು ಸಾರ ಗಟ್ಟಿ ಮಾಡಿದ ಮಾತ್ರೆ.

ತುಳಸಿಕಟ್ಟೆ

ಪ್ಯಾರಸಿಟಮಾಲ್ ಜಾಸ್ತಿ ಆದರೂ ಲಿವರ್ ಹೋಗುತ್ತದೆ, ಅದನ್ನು ಯಾಕೆ ಹೇಳುವುದಿಲ್ಲ?

ಡಾಕ್ಟರಮ್ಮ_ಮೈಸೂರು

ಹೋಗುತ್ತದೆ. ದಿನಾ ಹೇಳುತ್ತೇನೆ.

ದಾವಣಗೆರೆ_ಟೀಚರ್

ಇಷ್ಟು ಜನ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ರಿಪೋರ್ಟ್ ಬಂತು. ಹಿಮೋಗ್ಲೋಬಿನ್ 9.8, ಫೆರಿಟಿನ್ 7, ಟಿಎಸ್‌ಎಚ್ ಸರಿ ಇದೆ, ಬಿ12 ಅಂಚಿನಲ್ಲಿದೆ. ನಮ್ಮ ಡಾಕ್ಟರ್ ಕಬ್ಬಿಣದ ಮಾತ್ರೆ ಬರೆದುಕೊಟ್ಟು, ಮುಟ್ಟಿನ ತೊಂದರೆಗೆ ಸ್ಕ್ಯಾನ್ ಮಾಡಿಸಿ ಅಂದರು. ಅಲ್ಲಾ, ಮೂರು ಗಂಟೆಯ ಸುಸ್ತಿಗೆ ಇದೇ ಕಾರಣವಾ? ತೂಕ ಮಾತ್ರ ಹಾಗೇ ಇದೆ. ಮಾತ್ರೆ ತಗೊಂಡರೆ ಮಲಬದ್ಧತೆ ಆಗುತ್ತದಂತೆ, ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೆದರಿಸುತ್ತಿದ್ದಾರೆ. ಕೋಚ್ ಮೇಡಂ ಮನೆಗೆ ಬಂದು ಐರನ್ ನಮ್ಮ ಶೇಕಿನಲ್ಲೇ ಇದೆ ಅಂದರು.

ಡಾಕ್ಟರಮ್ಮ_ಮೈಸೂರು

ಫೆರಿಟಿನ್ 7 ಅಂದರೆ ಮೈಯಲ್ಲಿ ಕಬ್ಬಿಣದ ದಾಸ್ತಾನೇ ಖಾಲಿ. ಹೌದು, ಸುಸ್ತಿಗೆ ಇದು ದೊಡ್ಡ ಕಾರಣವೇ. ನೀವೊಬ್ಬರೇ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ರಕ್ತಹೀನತೆ ದೇಶದಲ್ಲಿ ಶೇ. 57, ಕರ್ನಾಟಕದಲ್ಲಿ ಶೇ. 47.8. ಶೇಕಿನಲ್ಲಿರುವ ಕಬ್ಬಿಣ ಇಂಥ ಕೊರತೆ ತುಂಬಿಸಲು ಸಾಲುವುದಿಲ್ಲ.

ಮಾತ್ರೆ ತಗೊಂಡ ಮೇಲೆ ಮತ್ತು ಊಟ ಆದ ಮೇಲೆ ಕನಿಷ್ಠ ಒಂದು ಗಂಟೆ ಕಾಫಿ, ಟೀ ಬೇಡ, ಕಬ್ಬಿಣ ಹೀರಿಕೊಳ್ಳಲು ಬಿಡುವುದಿಲ್ಲ. ನಿಂಬೆ ರಸ ಒಳ್ಳೆಯದು. ಹಾಲು, ಕ್ಯಾಲ್ಸಿಯಂ ಮಾತ್ರೆ ಜೊತೆಗೆ ನುಂಗಬೇಡಿ. ಮಲ ಕಪ್ಪಾಗುತ್ತದೆ, ಅದು ಮಾಮೂಲಿ. ಹೊಟ್ಟೆ ಕಟ್ಟಿದರೆ ನಿಮ್ಮ ಡಾಕ್ಟರಿಗೆ ಹೇಳಿ, ದಿನ ಬಿಟ್ಟು ದಿನ ಕೊಡುವುದೂ ಉಂಟು. ಹಿಮೋಗ್ಲೋಬಿನ್ ಸರಿಯಾದ ಮೇಲೂ ದಾಸ್ತಾನು ತುಂಬಲು ಇನ್ನೂ ಒಂದೆರಡು ಮೂರು ತಿಂಗಳು ಮುಂದುವರಿಸಬೇಕಾಗುತ್ತದೆ. ಚೇತರಿಸಿಕೊಂಡೆ ಅಂತ ಮಧ್ಯದಲ್ಲಿ ಬಿಡುವವರೇ ಜಾಸ್ತಿ.

ತೂಕಕ್ಕೂ ಇದಕ್ಕೂ ನೇರ ಸಂಬಂಧ ಇಲ್ಲ. ಸುಸ್ತು ಕಡಿಮೆಯಾದರೆ ಓಡಾಡಲು ಮನಸ್ಸು ಬರುತ್ತದೆ, ಅಷ್ಟು ಮಟ್ಟಿಗೆ ಸಹಾಯ.

ಹುಬ್ಬಳ್ಳಿ_ಮಂದಿ

ಅಂದರೆ ಸುಸ್ತಿಗೆ ಸಪ್ಲಿಮೆಂಟ್ ಕೆಲಸ ಮಾಡಿತು ಅಂತಾಯಿತಲ್ಲ! ಕಬ್ಬಿಣದ ಮಾತ್ರೆಯೂ ಸಪ್ಲಿಮೆಂಟೇ ಅಲ್ವಾ? ಇಷ್ಟು ಹೊತ್ತು ಬೈದದ್ದೇನು ಮತ್ತೆ?

ಲ್ಯಾಬ್_ರಾಜು

ಕೊರತೆ ಇದ್ದವರಿಗೆ ಕೆಲಸ ಮಾಡುತ್ತದೆ ಅಂತ ಮೊದಲಿಂದಲೂ ಅದನ್ನೇ ಹೇಳುತ್ತಿರುವುದು ಅಣ್ಣ. ಫೆರಿಟಿನ್ 80 ಇರುವ ಗಂಡಸು ಅದೇ ಮಾತ್ರೆ ನುಂಗಿದರೆ ಮಲಬದ್ಧತೆ ಬಿಟ್ಟು ಬೇರೇನೂ ಬರುವುದಿಲ್ಲ. ಥಲಸೀಮಿಯಾ ಟ್ರೈಟ್, ಅಂದರೆ ಹುಟ್ಟಿನಿಂದಲೇ ಬರುವ ಒಂದು ರಕ್ತದ ದೋಷ, ಇದ್ದರೂ ಹಿಮೋಗ್ಲೋಬಿನ್ ಕಡಿಮೆ ತೋರಿಸುತ್ತದೆ, ಅವರಲ್ಲಿ ತುಂಬಾ ಜನಕ್ಕೆ ಕಬ್ಬಿಣ ಬೇಕಾಗಿಯೇ ಇರುವುದಿಲ್ಲ. ಅದಕ್ಕೇ ಫೆರಿಟಿನ್ ನೋಡುವುದು.

ಮೆಡಿಕಲ್‌ಶಾಪ್_ಮಹೇಶ

ವಿಟಮಿನ್ ಡಿ ವಿಷಯವೂ ಹೀಗೇ. 60,000 ಯೂನಿಟ್ಟಿನ ಸ್ಯಾಶೆ ವಾರಕ್ಕೆ ಒಂದು, ಇಷ್ಟು ವಾರ ಅಂತ ಬರೆದುಕೊಟ್ಟಿರುತ್ತಾರೆ. ಕೆಲವರು ದಿನಾ ಒಂದು ಹಾಲಿಗೆ ಹಾಕಿ ಕುಡಿಯುತ್ತಾರೆ, ಕೆಲವರು ಅದೇ ಚೀಟಿ ಹಿಡಿದು ವರ್ಷ ಪೂರ್ತಿ ಬರುತ್ತಾರೆ. ಜಾಸ್ತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಗೊಂದಲ, ಕಿಡ್ನಿಗೆ ಪೆಟ್ಟು. ನಮ್ಮ ಅಂಗಡಿಗೆ ಬರುವ ಒಬ್ಬ ಹಿರಿಯರು ಹಾಗೆ ಅಡ್ಮಿಟ್ ಆಗಿ ಬಂದರು. ವಿಟಮಿನ್ ತಾನೇ ಅಂತ ಸಸಾರ ಮಾಡಬೇಡಿ.

ಜಿಮ್_ಗಿರಿ

ಎಲ್ಲರೂ ನನ್ನ ವೇ ಪ್ರೋಟೀನ್ ಮರೆತೇಬಿಟ್ಟಿರಿ. ವೇ ಅಂದರೆ ಹಾಲು ಒಡೆದಾಗ ಬರುವ ನೀರಿನ ಪ್ರೋಟೀನ್, ಭೂತ ಅಲ್ಲ. 30 ಗ್ರಾಂ ಸ್ಕೂಪಿನಲ್ಲಿ 24 ಗ್ರಾಂ ಪ್ರೋಟೀನ್. ಅನ್ನ, ತಿಳಿಸಾರು, ಹಪ್ಪಳ ತಿನ್ನುವ ಮನೆಯಲ್ಲಿ ಅಷ್ಟು ಪ್ರೋಟೀನ್ ಎಲ್ಲಿಂದ ತರುತ್ತೀರಿ? ಸ್ನಾಯುಗಳ ಶಕ್ತಿಗೆ ತಗೊಳ್ಳುವ ಕ್ರಿಯೇಟಿನ್ ಪುಡಿ ಕೂಡ ನಿಜವಾಗಿ ಕೆಲಸ ಮಾಡುತ್ತದೆ, ದಿನಕ್ಕೆ 3ರಿಂದ 5 ಗ್ರಾಂ, ಭಾರ ಎತ್ತುವವರಿಗೆ. ಮೊದಲ ವಾರ ನೀರು ಹಿಡಿದು ತೂಕ ಒಂದೆರಡು ಕೆಜಿ ಏರುತ್ತದೆ, ಅದನ್ನು ಯಾರೂ ಜಾಹೀರಾತಿನಲ್ಲಿ ಹೇಳುವುದಿಲ್ಲ.

ನ್ಯೂಜೆರ್ಸಿ_ಕನ್ನಡಿಗ

ಗಿರಿ, ಡಬ್ಬಿ ಮೇಲೆ 24 ಅಂತ ಇರುತ್ತದೆ, ಒಳಗೆ ಎಷ್ಟಿದೆ ಅನ್ನುವುದು ಪ್ರಶ್ನೆ. 2024ರಲ್ಲಿ ಭಾರತದಲ್ಲಿ ಮಾರುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷೆ ಮಾಡಿದ ಅಧ್ಯಯನ ಬಂತಲ್ಲ, ಶೇ. 70ರ ಹತ್ತಿರದಷ್ಟು ಪುಡಿಗಳಲ್ಲಿ ಪ್ರೋಟೀನ್ ಲೆಕ್ಕ ಲೇಬಲ್ಲಿಗೆ ಹೊಂದಲಿಲ್ಲ. ಅದೇ ವರ್ಷ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾರ್ಗಸೂಚಿಯೂ ಪ್ರೋಟೀನ್ ಪುಡಿ ಬೇಡ ಅಂತಲೇ ಹೇಳಿತು.

ಜಿಮ್_ಗಿರಿ

ಆ ಅಧ್ಯಯನ ಓದಿದ್ದೇನೆ ಗುರೂ. ಅದರಲ್ಲಿ ಹೆಚ್ಚು ಕೆಟ್ಟದ್ದು ಗಿಡಮೂಲಿಕೆ ಬೆರೆಸಿದ ಪುಡಿಗಳು. ಬರೀ ವೇ ಇರುವುದು ಲ್ಯಾಬ್ ರಿಪೋರ್ಟ್ ನೋಡಿ ತಗೊಂಡರೆ ಏನು ತೊಂದರೆ? ಮಾರ್ಗಸೂಚಿ ಬರೆದವರು ಬೇಳೆ ತಿನ್ನಿ ಅನ್ನುತ್ತಾರೆ. ಒಂದು ಬಟ್ಟಲು ಬೇಯಿಸಿದ ಬೇಳೆಯಲ್ಲಿ ಆರೇಳು ಗ್ರಾಂ. ಎಷ್ಟು ಬಟ್ಟಲು ಕುಡಿಯುವುದು?

ಡಾಕ್ಟರಮ್ಮ_ಮೈಸೂರು

ಸಾಮಾನ್ಯರಿಗೆ ದಿನಕ್ಕೆ ಕೆಜಿ ತೂಕಕ್ಕೆ 0.83 ಗ್ರಾಂ ಅಂತ ಲೆಕ್ಕ. 60 ಕೆಜಿ ಇದ್ದವರಿಗೆ ಸುಮಾರು 50 ಗ್ರಾಂ. ಎರಡು ಮೊಟ್ಟೆ, ಬೇಳೆ, ಕಾಳಿನ ಪಲ್ಯ, ಒಂದು ಹಿಡಿ ಕಡಲೆಕಾಯಿ, ಮೊಸರು, ಅದರ ಮೇಲೆ ಅಕ್ಕಿ ಗೋಧಿಯಲ್ಲಿರುವುದೂ ಸೇರಿ ಆಗುತ್ತದೆ. ಸೋಯಾ ಚಂಕ್ಸ್ 100 ಗ್ರಾಂಗೆ 50 ಗ್ರಾಂಗಿಂತ ಜಾಸ್ತಿ ಪ್ರೋಟೀನ್, ಬೆಲೆಯೂ ಕಡಿಮೆ. ತೂಕ ಇಳಿಸುವಾಗ, ವ್ಯಾಯಾಮ ಮಾಡುವಾಗ ಸ್ವಲ್ಪ ಜಾಸ್ತಿ ಬೇಕು, ಅಲ್ಲಿ ಗಿರಿ ಹೇಳುವುದರಲ್ಲಿ ಹುರುಳಿದೆ. ಕಿಡ್ನಿ ತೊಂದರೆ ಇರುವವರು ಮಾತ್ರ ಕೇಳದೆ ಮುಟ್ಟಬೇಡಿ.

ಉಪ್ಪಿನಂಗಡಿ_ಮಾಣಿ

ಹುರುಳಿದೆ ಅಂದರೆ ಹುರುಳಿಕಾಳು ನೆನಪಾಯಿತು. ಹುರುಳಿ ಸಾರು ತೂಕ ಇಳಿಸುತ್ತದಂತೆ ಹೌದಾ?

ರಾಗಿಮುದ್ದೆ_ರಂಗ

ಮುದ್ದೆ ಜೊತೆ ತಿಂದರೆ ಎಲ್ಲಾ ಇಳಿಯುತ್ತದೆ.

ಸಿಲ್ಕ್‌ಬೋರ್ಡ್_ಸಂತ್ರಸ್ತ

ಒಂದು ಬೇರೆ ಪ್ರಶ್ನೆ. ನಮ್ಮ ಆಫೀಸಿನಲ್ಲಿ ಅರ್ಧ ಜನ ಬೆಳಿಗ್ಗೆ ಆಪಲ್ ಸೈಡರ್ ವಿನೆಗರ್ ಕುಡಿಯುತ್ತಾರೆ, ಇನ್ನರ್ಧ ಜನ ಮೌಂಜಾರೊ ಚುಚ್ಚಿಕೊಳ್ಳುವ ಬಗ್ಗೆ ಮಾತಾಡುತ್ತಾರೆ. ಅದೂ ಸಪ್ಲಿಮೆಂಟಾ?

ಡಾಕ್ಟರಮ್ಮ_ಮೈಸೂರು

ಮೌಂಜಾರೊ ಸಪ್ಲಿಮೆಂಟ್ ಅಲ್ಲ, ಚೀಟಿ ಇಲ್ಲದೆ ಕೊಡಬಾರದ ಔಷಧಿ. ಭಾರತಕ್ಕೆ 2025ರ ಮಾರ್ಚಿನಲ್ಲಿ ಬಂತು. ತೂಕ ಇಳಿಸುವುದರಲ್ಲಿ ಅದಕ್ಕೆ ಗಟ್ಟಿ ಪುರಾವೆ ಇದೆ, ದೊಡ್ಡ ಡೋಸಿನಲ್ಲಿ 72 ವಾರಕ್ಕೆ ಸರಾಸರಿ ಶೇ. 20ರಷ್ಟು. ವಾಕರಿಕೆ, ವಾಂತಿ ಸಾಮಾನ್ಯ, ಬಿಟ್ಟರೆ ತೂಕದ ಬಹುಪಾಲು ವಾಪಸ್ ಬರುತ್ತದೆ. ಬೇಕಾದವರಿಗೆ ಬೇಕು, ಮದುವೆ ಸೀರೆಗೆ ಎರಡು ಕೆಜಿ ಇಳಿಸಲು ಅಲ್ಲ.

ವಿನೆಗರ್ ಬಗ್ಗೆ ಲೆಬನಾನಿನ ಒಂದು ಅಧ್ಯಯನ 2024ರಲ್ಲಿ ಭಾರೀ ಸುದ್ದಿ ಆಯಿತು. ಅಂಕಿ ಅಂಶ ಸರಿ ಇಲ್ಲ ಅಂತ 2025ರಲ್ಲಿ ಪತ್ರಿಕೆಯವರೇ ಹಿಂತೆಗೆದುಕೊಂಡರು. ಸುದ್ದಿ ನೋಡಿದವರು ಲಕ್ಷಾಂತರ, ಹಿಂತೆಗೆದದ್ದು ನೋಡಿದವರು ಬೆರಳೆಣಿಕೆ. ಕುಡಿಯುವವರು ನೀರು ಬೆರೆಸಿಯಾದರೂ ಕುಡಿಯಿರಿ, ಹಲ್ಲಿನ ಎನಾಮಲ್ ಹೋಗುತ್ತದೆ.

ಕೊಡಗಿನ_ಕಾಫಿ

ವಿನೆಗರ್ ಬೇಕಾದರೆ ನಮ್ಮ ಕಾಚಂಪುಳಿ ಇರುವಾಗ ಸೇಬಿನದು ಯಾಕೆ? ಘಟ್ಟದವರು ಹೇಳಿದ ಅದೇ ಉಪ್ಪಾಗೆ ಜಾತಿಯ ಹಣ್ಣಿನ ರಸ ಇಳಿಸಿ ಕುದಿಸಿ ಕುದಿಸಿ ಕಪ್ಪು ಮಾಡುತ್ತೇವೆ. ಅದಿಲ್ಲದೆ ಪಂದಿ ಕರಿ ಇಲ್ಲ. ತೂಕ? ಪಂದಿ ಕರಿ, ಕಡಂಬುಟ್ಟು ಮುಂದೆ ಕೂತವರು ತೂಕ ಕೇಳಬಾರದು.

ಘಟ್ಟದ_ಮೇಲಿನವ

ಅದೇ ಹಣ್ಣು ನೋಡಿ. ನಾವು ಬೀಜದಿಂದ ತುಪ್ಪ ತೆಗೆಯುತ್ತೇವೆ, ಉಪ್ಪಾಗೆ ತುಪ್ಪ. ದೋಸೆಗೆ ಹಾಕಿದರೆ ಆಹಾ. ಸಿಪ್ಪೆಯಿಂದ ತೂಕ ಇಳಿಸುವ ಮಾತ್ರೆ, ಬೀಜದಿಂದ ತೂಕ ಏರಿಸುವ ತುಪ್ಪ, ಎರಡೂ ಒಂದೇ ಹಣ್ಣಿನಲ್ಲಿ.

ಆರೋಗ್ಯಸಖಿ_ಕೋಚ್

ಚರ್ಚೆ ಎಲ್ಲಿಗೋ ಹೋಯಿತು. ಟೀಚರ್, ಅಡ್ವಾನ್ಸ್ ಕೊಟ್ಟ ಪ್ಯಾಕೇಜ್ ಹಾಗೇ ಇದೆ, ಬಂದು ತಗೊಂಡು ಹೋಗಿ.

ದಾವಣಗೆರೆ_ಟೀಚರ್

ಪ್ಯಾಕೇಜ್ ಬೇಡ ಮೇಡಂ, ಸೀಲ್ ಒಡೆದಿಲ್ಲ, ದುಡ್ಡು ವಾಪಸ್ ಬೇಕು. ನಮ್ಮ ಯಜಮಾನರ ಗಾರ್ಸಿನಿಯಾ ಡಬ್ಬಿಯನ್ನೂ ವಾಪಸ್ ಕಳಿಸುತ್ತಿದ್ದೇನೆ.

ಹುಬ್ಬಳ್ಳಿ_ಮಂದಿ

ದುಡ್ಡು ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಹಚ್ಚಿರಿ ಟೀಚರ್, ರಸೀದಿ ಇಟ್ಟುಕೊಂಡಿರಿ. ಬೊಜ್ಜು ಗುಣ ಮಾಡುತ್ತೇವೆ ಅಂತ ಔಷಧಿಯ ಜಾಹೀರಾತು ಹಾಕುವುದೇ 1954ರ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯಲ್ಲಿ ತಪ್ಪು, ಆ ಪಟ್ಟಿಯಲ್ಲಿ ಬೊಜ್ಜೂ ಇದೆ, ಶುಗರ್ರೂ ಇದೆ. ಕ್ಲಬ್ಬಿನ ಗೋಡೆ ಮೇಲೆ "ಶುಗರ್ ಮಾಯ" ಅಂತ ಬೋರ್ಡ್ ಇದ್ದರೆ ಒಂದು ಫೋಟೋ ಹೊಡೆದಿಡಿ.

ಆರೋಗ್ಯಸಖಿ_ಕೋಚ್

ಬೋರ್ಡ್ ಹಾಕಿಲ್ಲ. ದುಡ್ಡಿನ ವಿಷಯ ಫೋನಿನಲ್ಲಿ ಮಾತಾಡೋಣ ಟೀಚರ್.

ಕೊಡಗಿನ_ಕಾಫಿ

ಘಟ್ಟದವರೇ, ಆ ಉಪ್ಪಾಗೆ ತುಪ್ಪ ಕೊರಿಯರ್ ಮಾಡುತ್ತೀರಾ? ಬದಲಿಗೆ ಒಂದು ಬಾಟಲಿ ಕಾಚಂಪುಳಿ ಕಳಿಸುತ್ತೇನೆ.